ಬಿಡುವು ಸಿಗಬೇಕಾದರೆ ಸುದ್ದಿ ತಲುಪಬೇಕು

ಕನ್ನಡದ ‘ಬಿಡುವು’ ಹುಟ್ಟಿದ್ದು ‘ಬಿಡು’ ಎಂಬ ಧಾತುವಿನಿಂದ. ಕೈಯಲ್ಲಿರುವುದನ್ನು ಬಿಟ್ಟಾಗಲೇ ಬಿಡುವು. ಬಿಟ್ಟದ್ದು ನೆಲಕ್ಕೆ ಬೀಳದಿರಬೇಕಾದರೆ ಇನ್ನೊಂದು ಕೈ ಅದನ್ನು ಹಿಡಿದುಕೊಳ್ಳಬೇಕು. ಹಿಡಿಯುವವರಿಗೆ ಅದೇನೆಂದು ಮೊದಲೇ ಗೊತ್ತಿರಬೇಕು. ಸದಾ ಕೆಲಸದಲ್ಲಿ ಮುಳುಗಿರುವ ಕ್ರೈಸ್ತ ಸಭೆಗಳಲ್ಲಿ ಸಂವಹನದ ಕೊರತೆ, ವಿಶ್ರಾಂತಿಯ ಕೊರತೆ ಎಂದು ಎರಡು ದೂರುಗಳು ಕೇಳಿಬರುತ್ತವೆ. ಇವೆರಡರ ಬೇರು ಒಂದೇ. ಎಲ್ಲವೂ ಒಬ್ಬರಿಗೇ ಗೊತ್ತಿರುವ ಕಡೆ ಆ ಒಬ್ಬರಿಗೆ ಬಿಡುವಿಲ್ಲ.

ಈ ವಿಚಾರಕ್ಕೆ ನಾಗಪುರ ತಕ್ಕ ಊರು. 1970ರ ನವೆಂಬರ್ 29ರಂದು ಇಲ್ಲಿನ ಆಲ್ ಸೇಂಟ್ಸ್ ಕ್ಯಾಥೆಡ್ರಲ್‌ನಲ್ಲಿ ಆರು ಸಭೆಗಳು ಸೇರಿ ಉತ್ತರ ಭಾರತ ಸಭೆ (ಸಿಎನ್‌ಐ) ರೂಪುಗೊಂಡಿತು. ಅದರ ಮಾತುಕತೆ ಆರಂಭವಾದದ್ದು 1929ರಲ್ಲಿ. ಬಿಷಪ್ಪರ ಆಡಳಿತಕ್ಕೆ ಒಗ್ಗಿದವರು, ಸ್ಥಳೀಯ ಸಭೆಯ ತೀರ್ಮಾನವೇ ದೊಡ್ಡದೆನ್ನುವವರು, ಶಿಶುಗಳಿಗೂ ದೀಕ್ಷಾಸ್ನಾನ ಕೊಡುವವರು, ನಂಬಿಕೆಯನ್ನು ಬಾಯಾರೆ ಅರಿಕೆ ಮಾಡಿದವರಿಗಷ್ಟೇ ಕೊಡುವವರು ಒಂದೇ ಮನೆಯಲ್ಲಿ ಬಾಳಬೇಕಿತ್ತು. ಕೊನೆಗೆ ದೀಕ್ಷಾಸ್ನಾನದ ಎರಡೂ ಪದ್ಧತಿಗಳಿಗೆ ಜಾಗ ಸಿಕ್ಕಿತು. ದಕ್ಷಿಣದಲ್ಲಿ ಕನ್ನಡ ಸಭೆಗಳೂ ಸೇರಿದ ದಕ್ಷಿಣ ಭಾರತ ಸಭೆ (ಸಿಎಸ್‌ಐ) 1947ರ ಸೆಪ್ಟೆಂಬರ್ 27ರಂದೇ ಹುಟ್ಟಿತ್ತು. ಉತ್ತರದ ಐಕ್ಯಕ್ಕೆ 41 ವರ್ಷ ಹಿಡಿಯಿತು. 1914ರಲ್ಲಿ ಹುಟ್ಟಿದ ಮಂಡಳಿಯೊಂದು ಬೆಳೆದು ರೂಪುಗೊಂಡ ಭಾರತದ ಸಭೆಗಳ ರಾಷ್ಟ್ರೀಯ ಮಂಡಳಿಯ (ಎನ್‌ಸಿಸಿಐ) ಕೇಂದ್ರ ಕಚೇರಿಯೂ ನಾಗಪುರದಲ್ಲೇ ಇದೆ. ಬೇರೆ ಬೇರೆ ಸಭೆಗಳು ಪರಸ್ಪರ ಮಾತಾಡುವುದನ್ನು ಈ ಊರು ಬಹುಕಾಲದಿಂದ ಕಂಡಿದೆ. ಒಂದೇ ಸಭೆಯ ಒಳಗಿನ ಮಾತು ಇನ್ನೂ ಕಷ್ಟದ್ದು.

ಆ ಕಷ್ಟ ಕಾಣುವುದು ಭಾನುವಾರದ ಆರಾಧನೆ ಮುಗಿದ ಮೇಲಿನ ಹತ್ತು ನಿಮಿಷಗಳಲ್ಲಿ. ಸಭಾಪಾಲಕರು ಬಾಗಿಲ ಬಳಿ ಕೈಕುಲುಕುತ್ತ ನಿಂತಿರುತ್ತಾರೆ. ಒಬ್ಬರಿಗೆ ದೀಕ್ಷಾಸ್ನಾನದ ಪ್ರಮಾಣಪತ್ರ ಬೇಕು, ಇನ್ನೊಬ್ಬರ ತಾಯಿ ಆಸ್ಪತ್ರೆಯಲ್ಲಿದ್ದಾರೆ, ಯುವಜನ ಕೂಟಕ್ಕೂ ಸ್ತ್ರೀಯರ ಕೂಟಕ್ಕೂ ಅದೇ ಸಂಜೆ ಅದೇ ಹಾಲ್ ಬೇಕು, ಮೈಕ್ ಕೆಟ್ಟಿದೆ. ಎಲ್ಲದಕ್ಕೂ ‘ಆಗಲಿ’ ಎಂಬ ಉತ್ತರ ಸಿಗುತ್ತದೆ, ಯಾವುದನ್ನೂ ಯಾರೂ ಬರೆದುಕೊಳ್ಳುವುದಿಲ್ಲ. ಊಟಕ್ಕೆ ಕೂರುವ ಹೊತ್ತಿಗೆ ಒಂದೆರಡು ಮರೆತಿರುತ್ತವೆ, ಉಳಿದವು ತಲೆಯಲ್ಲಿ ಸುತ್ತುತ್ತಿರುತ್ತವೆ. ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದೇ ಪ್ರಶ್ನೆಗಳು ಮತ್ತೆ ಏಳುತ್ತವೆ. ದಣಿವಿನ ಒಂದು ಪಾಲು ಕೆಲಸದಿಂದ ಬಂದರೆ, ಇನ್ನೊಂದು ಪಾಲು ನೆನಪಿಟ್ಟುಕೊಳ್ಳುವ ಹೊರೆಯಿಂದ ಬರುತ್ತದೆ.

ಈ ತೊಡಕು ಹಳೆಯದು. ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಾನೆ. ಅದನ್ನು ಕಂಡ ಮಾವ ಇತ್ರೋ ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ಅಧಿಕಾರಿಯನ್ನು ನೇಮಿಸಲು ಹೇಳುತ್ತಾನೆ. ಆ ಸಲಹೆಯಲ್ಲಿ ಎರಡು ಭಾಗಗಳಿವೆ: ಮೊದಲು ಕಟ್ಟಳೆಗಳನ್ನು ಎಲ್ಲರಿಗೂ ತಿಳಿಸಬೇಕು, ಬಳಿಕ ಕೆಲಸ ಹಂಚಬೇಕು. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಗ್ರೀಕ್ ಮಾತಾಡುವ ವಿಧವೆಯರು ದಿನದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಾರೆ. ಅದಕ್ಕಾಗಿ ಏಳು ಜನ ನೇಮಕಗೊಳ್ಳುತ್ತಾರೆ. ಮರಾಠಿ, ಹಿಂದಿ, ಇಂಗ್ಲಿಷ್ ಆಡುವ ನಾಗಪುರದಂಥ ಊರಿನ ಸಭೆಗಳಿಗೆ ಈ ಪ್ರಸಂಗ ಹತ್ತಿರದ್ದು. ಒಂದೇ ಭಾಷೆಯಲ್ಲಿ ಓದಿದ ಪ್ರಕಟಣೆ ಕೆಲವರನ್ನು ಹೊರಗಿಟ್ಟೇ ಮುಗಿಯುತ್ತದೆ.

ಒಳ್ಳೆಯ ಸಂವಹನದ ಮಾದರಿಯೂ ಚರ್ಚಿನಲ್ಲೇ ಇದೆ. ಮದುವೆಗೆ ಮುನ್ನ ವಧೂವರರ ಹೆಸರನ್ನು ಮೂರು ಭಾನುವಾರ, ಒಂದೇ ಸ್ಥಳದಲ್ಲಿ, ಎಲ್ಲರ ಎದುರು ಓದುವ ಪದ್ಧತಿ ಹಲವು ಸಭೆಗಳಲ್ಲಿದೆ. ಸುದ್ದಿ ಒಂದೇ ಕಡೆಯಿಂದ ಬರುತ್ತದೆ, ಮತ್ತೆ ಮತ್ತೆ ಬರುತ್ತದೆ, ಆಕ್ಷೇಪ ಹೇಳಲು ಸಮಯವೂ ಇರುತ್ತದೆ. ಹಾಲ್‌ಗೆ ಒಂದೇ ಪುಸ್ತಕ, ರೋಗಿಗಳ ಭೇಟಿಗೆ ಒಂದೇ ಪಟ್ಟಿ, ಪ್ರತಿ ಕೆಲಸಕ್ಕೂ ಹೊಣೆಗಾರರೊಬ್ಬರ ಹೆಸರು, ಸಾವು ಮತ್ತು ತುರ್ತು ಚಿಕಿತ್ಸೆಗೆ ಮಾತ್ರ ರಾತ್ರಿಯ ಫೋನ್: ಇವೆಲ್ಲ ಅದೇ ಕ್ರಮದ ವಿಸ್ತರಣೆ.

ವಿಶ್ರಾಂತಿಯ ಇತಿಹಾಸದಲ್ಲಿ ಒಂದು ವಿಪರ್ಯಾಸವಿದೆ. ಮುಂಬಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆ ವಾರದ ರಜೆ ಕೇಳಿದಾಗ, ಭಾನುವಾರ ಖಂಡೋಬನ ವಾರವೆಂಬುದೂ ಅವರ ವಾದವಾಗಿತ್ತು. ಕನ್ನಡಿಗರಿಗೆ ಆ ದೇವರು ಮೈಲಾರ. 1890ರಲ್ಲಿ ಮಾಲೀಕರು ಒಪ್ಪಿದರು. 1891ರ ಕಾರ್ಖಾನೆ ಕಾಯಿದೆ ವಾರದ ರಜೆಯನ್ನು ಕಾನೂನಾಗಿಸಿತು. ಗಿರಣಿಗೆ ಬಿಡುವಾದ ಆ ದಿನವೇ ಚರ್ಚಿನವರಿಗೆ ಅತಿ ಹೆಚ್ಚು ಕೆಲಸದ ದಿನ. ಹಲವು ಸಭಾಪಾಲಕರು ಸೋಮವಾರವನ್ನು ಬಿಡುವಿನ ದಿನವೆಂದು ಇಟ್ಟುಕೊಳ್ಳುತ್ತಾರೆ, ಆದರೆ ಸಭೆಗೆ ಅದನ್ನು ಹೇಳಿರುವುದಿಲ್ಲ. ಆರು ದಿನ ಕಚೇರಿ, ಅಡುಗೆಮನೆ ನಿಭಾಯಿಸಿ ಏಳನೆಯ ದಿನ ಸಂಡೇ ಸ್ಕೂಲ್ ಪಾಠ ಮಾಡುವ ಮಹಿಳೆಗೆ ಅಂಥ ಸೋಮವಾರವೂ ಇಲ್ಲ. ಪಾಳಿ ಪದ್ಧತಿ, ವರ್ಷಕ್ಕೆ ಕೆಲವು ವಾರ ಕಡ್ಡಾಯ ವಿರಾಮ, ಬದಲಿ ಶಿಕ್ಷಕರ ತರಬೇತಿ ಅವಳಿಗೂ ಬೇಕು. ಮಾರ್ಕನ ಸುವಾರ್ತೆಯಲ್ಲಿ ಊಟಕ್ಕೂ ಸಮಯವಿಲ್ಲದ ಶಿಷ್ಯರನ್ನು ಯೇಸು ಏಕಾಂತಕ್ಕೆ ಕರೆಯುತ್ತಾನೆ. ಜನ ಅಲ್ಲಿಗೂ ಬರುತ್ತಾರೆ. ಹಾಗೆ ಅಡ್ಡಿ ಬಂದೇ ಬರುತ್ತದೆಂದು ತಿಳಿದೇ ಬಿಡುವನ್ನು ಯೋಜಿಸಬೇಕಾಗುತ್ತದೆ.

ಹೀಗಾಗಿ ಪ್ರತಿ ಸಭೆಯ ಮುಂದೆ ಮೂರು ಪ್ರಶ್ನೆಗಳಿವೆ. ಸಭೆಯ ಯಾವ ಯಾವ ಮಾಹಿತಿ ಒಬ್ಬರ ತಲೆಯಲ್ಲಷ್ಟೇ ಉಳಿದಿದೆ? ಯಾವ ಭಾಷೆಯವರಿಗೆ, ಯಾವ ವಯಸ್ಸಿನವರಿಗೆ ಸುದ್ದಿ ತಡವಾಗಿ ಮುಟ್ಟುತ್ತಿದೆ? ಯಾರ ಬಿಡುವಿನ ದಿನ ಸಭೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿಲ್ಲ?