ಕಾಲೇಜಿನಲ್ಲಿ ‘ನಮ್ಮವರ’ ಕೂಟ: ಸೇರುವ ಮುನ್ನ

(ಜುಮಾ ಪ್ರವಚನದ ಸಾರಾಂಶ)



ಪಿಯುಸಿ ಫಲಿತಾಂಶ ಬಂದು ಕಾಲೇಜು ಪ್ರವೇಶ ಶುರುವಾಗಿರುವ ದಿನಗಳಿವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ನಮ್ಮ ಮಕ್ಕಳು ಟ್ರಂಕು, ಹಾಸಿಗೆ ಕಟ್ಟಿಕೊಂಡು ವಿಜಯಪುರ, ಕಲಬುರಗಿ, ಧಾರವಾಡಗಳಿಗೆ ಹೊರಟಿದ್ದಾರೆ. ಹಾಸ್ಟೆಲಿಗೆ ಕಾಲಿಟ್ಟ ವಾರದೊಳಗೇ ಹಿರಿಯ ವಿದ್ಯಾರ್ಥಿಯೊಬ್ಬ ಬಂದು, “ನೀ ನಮ್ಮವ ಹೌದಲ್ಲೋ? ನಮ್ಮ ಗ್ರೂಪಿಗೆ ಸೇರು” ಎನ್ನುತ್ತಾನೆ. ಹುಡುಗ ಊರಿಗೆ ಫೋನ್ ಮಾಡುತ್ತಾನೆ. ತಂದೆ ಮಸೀದಿಗೆ ಬಂದು ಕೇಳುತ್ತಾರೆ: “ಮೌಲಾನಾ, ಸೇರು ಅನ್ನಲೋ, ಬ್ಯಾಡ ಅನ್ನಲೋ?”

ಪರವೂರಿನಲ್ಲಿ ಒಂಟಿಯಾದ ಹುಡುಗನಿಗೆ ತನ್ನವರು ಬೇಕು. ಸೆಹ್ರಿಗೆ ಎಬ್ಬಿಸುವವರು, ಜ್ವರ ಬಂದಾಗ ಗಂಜಿ ತಂದುಕೊಡುವವರು, ಜುಮಾಕ್ಕೆ ಜೊತೆಗೆ ನಡೆಯುವವರು ಬೇಕು. ಜನಾಂಗ, ಕುಲಗಳನ್ನು ಮಾಡಿದ್ದು ಪರಸ್ಪರ ಪರಿಚಯಕ್ಕಾಗಿ ಎಂದು ಸೂರಃ ಅಲ್ ಹುಜುರಾತ್ ತಿಳಿಸುತ್ತದೆ. ಆದ್ದರಿಂದ ಗುರುತು ತಪ್ಪಲ್ಲ. ಅದನ್ನು ಯಾತಕ್ಕೆ ಬಳಸುತ್ತಾರೆ ಎಂಬುದನ್ನು ನೋಡಬೇಕು.

ಪ್ರವಾದಿಯವರೂ(ಸ) ಸುಮಾರು 20ರ ವಯಸ್ಸಿನಲ್ಲಿ, ಪ್ರವಾದಿತ್ವಕ್ಕಿಂತ ಬಹಳ ಮೊದಲು, ಒಂದು ಕೂಟವನ್ನು ಸೇರಿದ್ದರು. ಯಮನ್‌ನ ಝಬೀದ್‌ನಿಂದ ಬಂದ ವ್ಯಾಪಾರಿಯ ಸರಕು ಪಡೆದು ಮಕ್ಕಾದ ಮುಖಂಡ ಆಸ್ ಬಿನ್ ವಾಇಲ್ ಹಣ ಕೊಡಲಿಲ್ಲ. ವ್ಯಾಪಾರಿ ಪರದೇಶಿ. ಅವನ ಪರವಾಗಿ ಕೇಳಲು ಅಲ್ಲಿ ಕುಲವಿಲ್ಲ, ಬಂಧುವಿಲ್ಲ. ಅಬೂ ಕುಬೈಸ್ ಬೆಟ್ಟ ಹತ್ತಿ ಗೋಳಿಟ್ಟ. ಆಗ ಕೆಲವು ಕುಲಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಇರಲಿ, ಅವನ ಹಕ್ಕು ಕೊಡಿಸುತ್ತೇವೆಂದು ಪ್ರತಿಜ್ಞೆ ಮಾಡಿದರು. ಅದೇ ಹಿಲ್ಫುಲ್ ಫುಝೂಲ್. ಇಸ್ಲಾಮಿನ ಕಾಲದಲ್ಲಿ ಅಂಥದಕ್ಕೆ ಕರೆದರೂ ತಾನು ಹೋಗುವೆನೆಂದು ಪ್ರವಾದಿಯವರು(ಸ) ಮುಂದೆ ಹೇಳಿದರು. ಆ ಕೂಟ ನಿಂತದ್ದು ತಮ್ಮೂರಿನ ದೊಡ್ಡವನ ಎದುರು, ಗುರುತಿಲ್ಲದ ಪರವೂರಿನವನ ಪರ.

ನಮ್ಮ ಭಾಗಕ್ಕೂ ಸಮುದಾಯದ ಕೂಟ ಹೊಸತಲ್ಲ. ಕೊಲ್ಹಾಪುರದ ಶಾಹು ಮಹಾರಾಜರು ಒಂದೊಂದು ಸಮುದಾಯದ ಮಕ್ಕಳಿಗೂ ಬೋರ್ಡಿಂಗ್ ತೆರೆಸಿದರು. 1906ರಲ್ಲಿ ಮುಸ್ಲಿಮ್ ಮಕ್ಕಳ ಸರದಿ ಬಂತು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು. ಅದರ ಹೆಸರಿನಲ್ಲಿ ಲಿಂಗಾಯತವಿದೆ, ಅದರ ಕಾಲೇಜುಗಳಲ್ಲಿ ನಮ್ಮ ಮಕ್ಕಳೂ ಓದುತ್ತಾರೆ. ಅಲಿಗಢದಲ್ಲಿ 1890ರ ಹೊತ್ತಿಗೆ ಆಫ್ತಾಬ್ ಅಹ್ಮದ್ ಖಾನ್ ಎಂಬ ವಿದ್ಯಾರ್ಥಿ ‘ಅಂಜುಮನ್ ಅಲ್ ಫರ್ಝ್’ ಕಟ್ಟಿದರು. ಅದರ ಹುಡುಗರು ರಜೆಯಲ್ಲಿ ಊರೂರು ತಿರುಗಿ ಬಡ ಸಹಪಾಠಿಗಳಿಗಾಗಿ ಚಂದಾ ಎತ್ತುತ್ತಿದ್ದರು. ಆ ವಿದ್ಯಾರ್ಥಿಯೇ ಮುಂದೆ ಅಲ್ಲಿನ ಕುಲಪತಿಯಾದರು. ಅಮೆರಿಕದಲ್ಲಿ ಫ್ರಾಟರ್ನಿಟಿ ಎಂಬ ವಿದ್ಯಾರ್ಥಿ ಕೂಟಗಳಿಗೆ ಕುಡಿತದ ಕೆಟ್ಟ ಹೆಸರು. 2013ರಲ್ಲಿ ಡಲ್ಲಾಸ್‌ನಲ್ಲಿ ಓದುತ್ತಿದ್ದ ಮುಸ್ಲಿಮ್ ಹುಡುಗರು ಹೆಂಡವಿಲ್ಲದ ಕೂಟವೊಂದನ್ನು ಕಟ್ಟಿ, ಅಲಿಫ್ ಲಾಮ್ ಮೀಮ್ ಅಕ್ಷರಗಳನ್ನೇ ಗ್ರೀಕಿನಲ್ಲಿ ಬರೆದು ‘ಆಲ್ಫಾ ಲ್ಯಾಂಬ್ಡಾ ಮ್ಯೂ’ ಎಂದು ಹೆಸರಿಟ್ಟರು.

ಆದರೆ ಒಳ್ಳೆಯ ಹೆಸರೂ ಕೆಡುತ್ತದೆ. ಬನೂ ಮುಸ್ತಲಿಕ್ ದಂಡಯಾತ್ರೆಯ ವೇಳೆ ಒಬ್ಬ ಮುಹಾಜಿರ್ ಒಬ್ಬ ಅನ್ಸಾರಿಗೆ ಹೊಡೆದ. ಇವನು “ಅನ್ಸಾರರೇ ಬನ್ನಿ” ಎಂದ, ಅವನು “ಮುಹಾಜಿರರೇ ಬನ್ನಿ” ಎಂದ. ಎರಡೂ ಅಲ್ಲಾಹನು ಮೆಚ್ಚಿದ ಹೆಸರುಗಳೇ. ಆದರೂ ಜಗಳಕ್ಕೆ ಜನ ಸೇರಿಸಲು ಬಳಸಿದ ಕೂಡಲೇ ಪ್ರವಾದಿಯವರು(ಸ) ಅದನ್ನು ಜಾಹಿಲಿಯ್ಯತ್ತಿನ ಕೂಗು, ನಾರುವ ಕೂಗು ಎಂದರು. ಸಹೋದರನು ತಪ್ಪು ಮಾಡುತ್ತಿದ್ದರೆ ಅವನ ಕೈ ಹಿಡಿದು ತಡೆಯುವುದೇ ಅವನಿಗೆ ಮಾಡುವ ಸಹಾಯ ಎಂದೂ ಕಲಿಸಿದರು. ಕ್ಯಾಂಟೀನಿನಲ್ಲಿ ಜಗಳವಾದಾಗ ಯಾರದು ತಪ್ಪು ಎಂದು ಕೇಳದೆ “ನಮ್ಮವನಿಗೆ ಹೊಡೆದರು, ಬರ್ರೋ” ಎಂದು ಮೆಸೇಜು ಬರುವ ಕೂಟವಿದ್ದರೆ, ಆ ಗ್ರೂಪಿನಿಂದ ಮಗ ಅವತ್ತೇ ಹೊರಬರಲಿ. ಎಫ್‌ಐಆರ್‌ನಲ್ಲಿ ಹೆಸರು ಬಂದರೆ ಕೋರ್ಟಿಗೆ ಅಲೆಯುವವರು ಗ್ರೂಪಿನ ಲೀಡರ್ ಅಲ್ಲ, ತೊಗರಿ ಮಾರಿ ಫೀಸು ಕಟ್ಟಿದ ತಂದೆ.

ಇನ್ನೊಂದು ರೋಗ ಒಳಗಿನದು. ನಮ್ಮ ಹಳ್ಳಿಗಳ ಎಷ್ಟೋ ನದಾಫ, ಪಿಂಜಾರ ಮನೆಗಳಲ್ಲಿ ಕನ್ನಡವೇ ಮನೆಮಾತು. ಆ ಹುಡುಗ ಕೂಟಕ್ಕೆ ಹೋದರೆ, “ಉರ್ದು ಬರೂದಿಲ್ಲ, ನೀ ಎಂಥ ಮುಸಲ್ಮಾನ?” ಎಂದು ನಗುತ್ತಾರೆ. ಕುರ್‌ಆನ್ ಉರ್ದುವಿನಲ್ಲೂ ಇಳಿಯಲಿಲ್ಲ, ಕನ್ನಡದಲ್ಲೂ ಇಳಿಯಲಿಲ್ಲ. ಸಲ್ಮಾನ್(ರ)ರವರ ತಾಯ್ನುಡಿ ಪಾರ್ಸಿ. ಮೊದಲ ದಿನವೇ ಯಾವ ಬಿರಾದರಿ, ಯಾವ ಮಸ್ಲಕ್, ಯಾವ ಮಸೀದಿ ಎಂದು ಜರಡಿ ಹಿಡಿಯುವ ಕೂಟಕ್ಕೆ ‘ಮುಸ್ಲಿಮ್’ ಎಂಬ ಹೆಸರು ಬೋರ್ಡಿಗೆ ಮಾತ್ರ.

ಹಿರಿಯ ಹುಡುಗರಿಗೂ ಒಂದು ಮಾತು. ಹೊಸಬನಿಂದ ಬಟ್ಟೆ ಒಗೆಸುವುದು, ರಾತ್ರಿಯಿಡೀ ನಿಲ್ಲಿಸುವುದು ‘ಪರಿಚಯ’ವಲ್ಲ, ರ್‍ಯಾಗಿಂಗ್. ಯುಜಿಸಿಯ 2009ರ ನಿಯಮದಂತೆ ಕಾಲೇಜಿನಿಂದಲೇ ಹೊರಹಾಕಬಹುದಾದ ಅಪರಾಧ. ಹೊಸಬರು 1800-180-5522 ಸಂಖ್ಯೆ ಬರೆದಿಟ್ಟುಕೊಳ್ಳಲಿ, ಅದು ಉಚಿತ ಕರೆ. ಮಸೀದಿಯ ಸುಫ್ಫಾದಲ್ಲಿ ವಿದ್ಯಾರ್ಥಿಗಳು ಹಸಿದಿದ್ದಾಗ ಒಂದು ಬಟ್ಟಲು ಹಾಲು ಬಂತು. ಪ್ರವಾದಿಯವರು(ಸ) ಅದನ್ನು ಅಬೂ ಹುರೈರಾ(ರ)ರ ಕೈಯಿಂದ ಎಲ್ಲರಿಗೂ ಕುಡಿಸಿ, ಅವರಿಗೂ ಹೊಟ್ಟೆತುಂಬ ಕುಡಿಸಿ, ತಾವು ಕಟ್ಟಕಡೆಗೆ ಕುಡಿದರು. ಕೂಟದಲ್ಲಿ ದೊಡ್ಡವನ ಸರದಿ ಯಾವಾಗ ಬರಬೇಕೆಂದು ಇದರಿಂದಲೇ ತಿಳಿಯಿರಿ.

ಹೆಣ್ಣುಮಕ್ಕಳ ವಿಷಯ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೋ ಪದವಿ ಕಾಲೇಜಿಗೋ ಹೋಗುವ ಮಗಳಿಗೆ ಗೆಳತಿಯರ ಕೂಟ ಹುಡುಗರಿಗಿಂತ ಹೆಚ್ಚು ಬೇಕು. ಬಸ್ಸಿಗೆ ಜೊತೆ, ನೋಟ್ಸು, ರೂಮಿನ ಬಾಡಿಗೆ ಹಂಚಿಕೆ ಎಲ್ಲ ಅದರಿಂದಲೇ. ಆದರೆ ಯಾರು ಯಾರ ಜೊತೆ ಮಾತಾಡಿದಳು, ಹಿಜಾಬ್ ಹೇಗೆ ಕಟ್ಟಿದಳು ಎಂದು ಫೋಟೊ ತೆಗೆದು ಊರಿನ ಗ್ರೂಪಿಗೆ ಹಾಕುವ ಹುಡುಗರಿದ್ದಾರೆ, ಅದನ್ನು ದೀನಿನ ಸೇವೆ ಎಂದುಕೊಂಡಿದ್ದಾರೆ. ಕದ್ದು ನೋಡುವುದನ್ನೂ ಬೆನ್ನ ಹಿಂದೆ ಆಡುವುದನ್ನೂ ಅದೇ ಸೂರಃ ಹುಜುರಾತ್ ನಿಷೇಧಿಸಿದೆ. ಅಂಥ ಒಂದು ಫೋಟೊ ಬಂತೆಂದು ಮಗಳ ಓದು ನಿಲ್ಲಿಸುವ ತಂದೆ, ಮೊದಲು ಫೋಟೊ ಕಳಿಸಿದವನನ್ನು ಪ್ರಶ್ನಿಸಲಿ.

ಪಾಲಕರೇ, ಮಗನಿಗೆ ಫೋನಿನಲ್ಲಿ ಮೂರೇ ಪ್ರಶ್ನೆ ಕೇಳಿ. ಚಂದಾದ ಲೆಕ್ಕ ಬರೆದಿಡುತ್ತಾರೋ? “ಮನೆಯಾಗ ಹೇಳಬ್ಯಾಡ” ಎಂಬ ಮಾತು ಅಲ್ಲಿ ಇದೆಯೋ? ಪಕ್ಕದ ರೂಮಿನ ಮುಸ್ಲಿಮೇತರ ಹುಡುಗನಿಗೆ ರಕ್ತ ಬೇಕಾದರೆ ಈ ಕೂಟ ಏಳುತ್ತದೋ?

ಈ ವರ್ಷ ಹೊರಗೆ ಓದಲು ಹೋಗುವವರು ಇಂದು ಅಸರ್ ನಮಾಝಿನ ನಂತರ ಹೆಸರು, ಕಾಲೇಜು ಬರೆಸಿ. ಈಗಾಗಲೇ ಅಲ್ಲಿ ಓದುತ್ತಿರುವ ನಮ್ಮೂರ ಮಕ್ಕಳೂ ಬರೆಸಲಿ. ಯಾರು ಯಾರಿಗೆ ಮೊದಲ ವಾರ ಜೊತೆಯಾಗಬೇಕೆಂದು ಇಲ್ಲಿಯೇ ಗೊತ್ತುಮಾಡಿ ಕಳಿಸೋಣ.