ಬಾಲ್ಕನಿಯ ಗೆಣಸು: ಬೆಳೆಯೋದು, ಬೇಯಿಸೋದು, ಶುಗರ್ ಲೆಕ್ಕ



ಹೈದರಾಬಾದಿನಲ್ಲಿ ಗೆಣಸು ಕೊಳ್ಳಬೇಕಾದ್ರೆ ಮೊದಲು ಹೆಸರು ಸರಿ ಮಾಡ್ಕೋಬೇಕು. ಆಂಧ್ರದ ಕಡೆಯವರಿಗೆ ಅದು ಚಿಲಗಡದುಂಪ. ತೆಲಂಗಾಣದವರಿಗೆ ಕಂದಗಡ್ಡ. ಕೆಲವರು ಗೆಣಸುಗಡ್ಡ ಅಂತಲೂ ಅಂತಾರೆ, ಕೇಳಿದಾಗ ಊರಿನವರೇ ಸಿಕ್ಕ ಹಾಗಾಗುತ್ತೆ. ಆದ್ರೆ ಆಂಧ್ರದವರ ಬಾಯಲ್ಲಿ ಬರೀ ‘ಕಂದ’ ಅಂದ್ರೆ ಸುವರ್ಣಗೆಡ್ಡೆ. ಎರ್ರಗಡ್ಡ ರೈತು ಬಜಾರಿನಲ್ಲಿ ಬೆರಳು ತೋರಿಸಿ ಕೇಳೋದೇ ಕ್ಷೇಮ. ಆಪ್‌ನಲ್ಲಾದ್ರೆ ಫೋಟೋ ನೋಡಿ. ಶಿವರಾತ್ರಿ ಹಿಂದಿನ ವಾರ ಮಾತ್ರ ಈ ಗೊಂದಲ ಇರಲ್ಲ, ರಸ್ತೆ ಬದೀಲೆಲ್ಲ ರಾಶಿ ಬಿದ್ದಿರುತ್ತೆ. ನಮಗೆ ಗೆಣಸು ಅಂದ್ರೆ ಸಂಕ್ರಾಂತಿ, ಅವರೆಕಾಯಿ, ಕಡಲೆಕಾಯಿ. ಇವರಿಗೆ ಅದು ಶಿವರಾತ್ರಿ ಉಪವಾಸದ ಊಟ.

ನಾನು ಕೃಷಿ ಓದಿದವನಲ್ಲ. ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ. ಗೆಣಸಿಗೆ ಕೈ ಹಾಕಿದ್ದು ನಮ್ಮಮ್ಮನಿಂದ. ಅವರು ಅರಸೀಕೆರೆ ಕಡೆಯ ಹಳ್ಳಿಯವರು. ಅಪ್ಪ ಹೋದ ಮೇಲೆ ಮಿಯಾಪುರದ ನಮ್ಮ ಬಾಡಿಗೆ ಫ್ಲಾಟಿಗೆ ಬಂದ್ರು, ಐದನೇ ಮಹಡಿ. ನಿಮ್ಮಲ್ಲೂ ಬಹಳ ಜನ ಇದನ್ನ ಮನೇಲಿ ನೋಡಿರ್ತೀರಿ: ಗಂಡ ಹೆಂಡತಿ ಇಬ್ಬರೂ ಲ್ಯಾಪ್‌ಟಾಪ್ ಮುಂದೆ, ಮಗು ಸ್ಕೂಲಲ್ಲಿ, ಪಕ್ಕದ ಮನೆಯ ತೆಲುಗು ಅರ್ಥ ಆಗಲ್ಲ. ವಾರಕ್ಕೊಂದ್ಸಲ ‘ಟಿಕೆಟ್ ಮಾಡ್ಸಪ್ಪ, ಇಲ್ಲಿ ನಂಗೇನ್ ಕೆಲ್ಸ’ ಅನ್ನೋರು. ಜೊತೆಗೆ ಶುಗರ್. ಗೆಣಸು ಮುಟ್ಟಲೇಬಾರದು ಅಂತ ಯಾರೋ ಹೆದರಿಸಿದ್ದಕ್ಕೆ ಎರಡು ಸಂಕ್ರಾಂತಿ ತಿಂದಿರಲಿಲ್ಲ. ಅವರ ಕೈಗೆ ಒಂದಿಷ್ಟು ಮಣ್ಣು ಸಿಗಲಿ ಅಂತ ಬಾಲ್ಕನೀಲಿ ಎರಡು ಚೀಲ ಇಟ್ಟೆ. ತಿನ್ನೋ ವಿಚಾರ ಆಮೇಲೆ ಬಂತು.

ಗೆಣಸಿಗೂ ಆಲೂಗಡ್ಡೆಗೂ ಹತ್ತಿರದ ನೆಂಟಸ್ತನ ಇಲ್ಲ. ಆಲೂಗಡ್ಡೆ ಮಣ್ಣೊಳಗೆ ಊದಿಕೊಂಡ ಕಾಂಡ, ಅದಕ್ಕೇ ಕಣ್ಣಿರೋ ತುಂಡನ್ನ ಹೂಳ್ತಾರೆ. ಗೆಣಸು ಬೇರು, ಮಾರ್ನಿಂಗ್ ಗ್ಲೋರಿ ಹೂವಿನ ಕುಟುಂಬದ್ದು. ಅದನ್ನ ಬೆಳೆಯೋದು ಬಳ್ಳಿಯ ತುಂಡಿನಿಂದ. ಅಂಗಡಿಯಿಂದ ತಂದ ಒಂದು ಗೆಣಸನ್ನ ಒದ್ದೆ ಮರಳಲ್ಲಿ ಅರ್ಧ ಹೂತಿಡಿ. ಎರಡು ಮೂರು ವಾರಕ್ಕೆ ಚಿಗುರುತ್ತೆ. ಬಳ್ಳಿ ಒಂದಡಿ ಆದಾಗ ಕತ್ತರಿಸಿ, ಮೂರು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ಓರೆಯಾಗಿ ನೆಡಿ. ಗೆಣಸು ಕಟ್ಟೋ ಬೇರು ಹೊರಡೋದು ಆ ಗೆಣ್ಣುಗಳಿಂದಲೇ.

ಮೊದಲ ಒಂದು ತಿಂಗಳು ಮುಖ್ಯ. ಯಾವ ಬೇರು ದಪ್ಪ ಆಗುತ್ತೆ, ಯಾವುದು ದಾರದ ಹಾಗೆ ಉಳಿಯುತ್ತೆ ಅನ್ನೋದು ಹೆಚ್ಚುಕಮ್ಮಿ ಆವಾಗಲೇ ತೀರ್ಮಾನ ಆಗೋದು. ಮಣ್ಣು ಸಡಿಲ ಇರಬೇಕು, ಗಾಳಿ ಆಡಬೇಕು, ನೀರು ನಿಲ್ಲಬಾರದು. ನಮ್ಮ ಚೀಲ 24 ಇಂಚು ಅಗಲ, 12 ಇಂಚು ಆಳ. ಭಾರ ಕಡಿಮೆ ಆಗ್ಲಿ ಅಂತ ಕೆಮ್ಮಣ್ಣಿನ ಜೊತೆ ಕೋಕೋಪೀಟ್ ಸೇರಿಸಿದ್ವಿ, ಸ್ವಲ್ಪ ಎರೆಗೊಬ್ಬರ, ಒಂದು ಹಿಡಿ ಬೂದಿ. ಸಾರಜನಕದ ಗೊಬ್ಬರ ಸುರಿದ್ರೆ ಬಳ್ಳಿ ಮದುವೆ ಚಪ್ಪರದ ಹಾಗೆ ಹಬ್ಬುತ್ತೆ, ಕೆಳಗೆ ಏನೂ ಇರಲ್ಲ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಮಣ್ಣು ಬಿರುಕು ಬಿಟ್ರೆ ಮುಚ್ಚಿ. ಮೂತಿ ಹುಳು ಗೆಡ್ಡೆ ಹತ್ರ ಹೋಗೋದು ಆ ಬಿರುಕಿನಲ್ಲೇ. ಚೀಲದ ಕೆಳಗೆ ತಟ್ಟೆ ಇಡಿ, ಕೆಳಗಿನ ಮನೆಯವರ ಬಟ್ಟೆ ಮೇಲೆ ನೀರು ಸೋರಿದ್ರೆ ಅಸೋಸಿಯೇಷನ್ ವಾಟ್ಸ್ಯಾಪ್ ಗ್ರೂಪಲ್ಲಿ ನೀವೇ ಹೆಡ್‌ಲೈನ್.

ದಸರಾ ಆದ ಮೇಲೆ ನೆಟ್ರೆ ಶಿವರಾತ್ರಿ ಹೊತ್ತಿಗೆ ಸುಮಾರು ನಾಲ್ಕು ತಿಂಗಳು, ಕೀಳೋಕೆ ಸರಿ. ಎರಡು ಚೀಲದಿಂದ ನಮಗೆ ಮೂರೂವರೆ ಕಿಲೋ ಬಂತು. ರೈತು ಬಜಾರ್ ರೇಟಿಗೆ ಹೋಲಿಸಿದ್ರೆ ಇದು ಶುದ್ಧ ನಷ್ಟ, ದಯವಿಟ್ಟು ಎಕ್ಸೆಲ್ ತೆಗೀಬೇಡಿ. ಆದ್ರೆ ಮಧ್ಯೆ ಮಧ್ಯೆ ಎಳೇ ಚಿಗುರು ಕಿತ್ತು ಅಮ್ಮ ಬಸ್ಸಾರು ಮಾಡ್ತಿದ್ರು. ಗೆಣಸಿನ ಸೊಪ್ಪು ತಿನ್ನಬಹುದು, ಹಿತಮಿತವಾಗಿ ಕಿತ್ಕೊಳಿ ಅಷ್ಟೆ, ಇಲ್ಲಾಂದ್ರೆ ಗೆಡ್ಡೆ ಸಣ್ಣದಾಗುತ್ತೆ. ಅಮ್ಮನ ಟಿಕೆಟ್ ಮಾತು ಪೂರ್ತಿ ನಿಂತಿಲ್ಲ. ಈಗ ‘ಗೆಣಸು ಕಿತ್ತ ಮೇಲೆ ಹೋಗ್ತೀನಿ’ ಅಂತಾರೆ.

ಕಿತ್ತ ತಕ್ಷಣ ತೊಳೀಬೇಡಿ, ತಿನ್ನಲೂಬೇಡಿ. ನೆರಳಲ್ಲಿ, ಬೆಚ್ಚಗಿನ ಜಾಗದಲ್ಲಿ ಒಂದು ವಾರ ಹತ್ತು ದಿನ ಇಡಿ. ಗಾಯ ಮಾಗುತ್ತೆ, ರುಚಿ ಕೂಡುತ್ತೆ. ಫ್ರಿಜ್ ಬೇಡವೇ ಬೇಡ. ತೀರಾ ತಣ್ಣಗಿಟ್ಟ ಗೆಣಸಿನ ಒಳಭಾಗ ಎಷ್ಟು ಬೇಯಿಸಿದ್ರೂ ಗಟ್ಟಿಯಾಗೇ ಉಳಿಯುತ್ತೆ.

ಈಗ ಬೇಯಿಸೋ ವಿಚಾರ. ಹಳ್ಳೀಲಿ ಸ್ನಾನದ ನೀರು ಕಾದ ಮೇಲೆ ಹಂಡೆ ಒಲೆಯ ಬೂದಿಯಲ್ಲಿ ಗೆಣಸು ಹೂತಿಡ್ತಿದ್ರಲ್ಲ, ಅದರ ಸಿಹಿ ಕುಕ್ಕರ್ ಗೆಣಸಿಗೆ ಯಾಕೆ ಬರಲ್ಲ? ಗೆಣಸಿನೊಳಗೆ ಅಮೈಲೇಸ್ ಅನ್ನೋ ಕಿಣ್ವ ಇದೆ. ಸುಮಾರು 60ರಿಂದ 75 ಡಿಗ್ರಿ ಶಾಖದಲ್ಲಿ ಅದು ಪಿಷ್ಟವನ್ನ ಒಡೆದು ಮಾಲ್ಟೋಸ್ ಸಕ್ಕರೆ ಮಾಡುತ್ತೆ. ಕೆಂಡದಲ್ಲಿ ಶಾಖ ನಿಧಾನಕ್ಕೆ ಏರುತ್ತೆ, ಕಿಣ್ವಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತೆ. ಕುಕ್ಕರಿನಲ್ಲಿ, ಮೈಕ್ರೋವೇವಿನಲ್ಲಿ ಆ ಘಟ್ಟ ಬೇಗ ದಾಟಿಹೋಗುತ್ತೆ. ಹಾಗಾಗಿ ಮಗುವಿಗೆ ಸಿಹಿ ಬೇಕಾ, ಸಿಪ್ಪೆ ಸಮೇತ ಇಡೀ ಗೆಣಸನ್ನ ಓವನ್ನಿನಲ್ಲಿ ಸಣ್ಣ ಶಾಖದಲ್ಲಿ ಒಂದೂವರೆ ಗಂಟೆ ಬಿಡಿ.

ಅಮ್ಮನಿಗೆ ಇದರ ಉಲ್ಟಾ. ಹೋಳು ಮಾಡಿ, ಕುದೀತಿರೋ ನೀರಿಗೇ ಹಾಕಿ, ಬೆಂದ ಕೂಡಲೇ ಇಳಿಸೋದು. ಬೇಕ್ ಮಾಡಿದ ಗೆಣಸು ನೀರಲ್ಲಿ ಬೇಯಿಸಿದ್ದಕ್ಕಿಂತ ಬೇಗ ರಕ್ತದ ಸಕ್ಕರೆ ಏರಿಸುತ್ತೆ ಅನ್ನೋದು ಅಳೆದು ನೋಡಿರೋ ಸಂಗತಿ. ಡಾಕ್ಟರನ್ನ ಕೇಳಿ ಮನೇಲೂ ಅಳೆದ್ವಿ: ಅದೇ 100 ಗ್ರಾಂ, ಮೂರು ದಿನ ಬೇಯಿಸಿದ್ದು, ಮೂರು ದಿನ ಸುಟ್ಟಿದ್ದು, ಎರಡು ಗಂಟೆ ಬಿಟ್ಟು ಗ್ಲುಕೋಮೀಟರ್. ಸುಟ್ಟ ದಿನಗಳಲ್ಲೇ ಪ್ರತಿ ಸಲ ಜಾಸ್ತಿ ಬಂತು. ಒಬ್ಬರ ಮೇಲಿನ ಆರು ರೀಡಿಂಗ್, ಇದನ್ನ ಸಂಶೋಧನೆ ಅನ್ನಬೇಡಿ. ನಿಮ್ಮ ಮನೆಯವರ ಅಳತೆ ಅವರ ಡಾಕ್ಟರೇ ಹೇಳಬೇಕು. ನಮ್ಮಮ್ಮ ಈಗ ಬೇಯಿಸಿದ ಗೆಣಸಿನ ಪಲ್ಯ ತಿಂದ ಹೊತ್ತು ಮುದ್ದೆ ಅರ್ಧ ಮಾಡ್ತಾರೆ. ಒಗ್ಗರಣೆ, ಹಸಿಮೆಣಸಿನಕಾಯಿ, ಕಾಯಿತುರಿ, ನಿಂಬೆಹುಳಿ. ಬೆಲ್ಲ ಇಲ್ಲ, ಅದಕ್ಕೆ ಇನ್ನೂ ಗೊಣಗಾಟ ಇದೆ.

ಬಣ್ಣದ ಬಗ್ಗೆ ಒಂದು ಮಾತು. ಒಳಗೆ ಕಿತ್ತಳೆ ಬಣ್ಣ ಇರೋ ಗೆಣಸಿನಲ್ಲಿ ಬೀಟಾ ಕ್ಯಾರೋಟಿನ್ ಹೆಚ್ಚು. ದೇಹ ಅದರಿಂದ ಎ ವಿಟಮಿನ್ ಮಾಡ್ಕೊಳ್ಳುತ್ತೆ. ಆಫ್ರಿಕಾದಲ್ಲಿ ಇದನ್ನ ಹಬ್ಬಿಸಿದ ಕೆಲಸಕ್ಕೆ 2016ರ ವಿಶ್ವ ಆಹಾರ ಪ್ರಶಸ್ತಿ ಬಂತು. ನಮ್ಮಲ್ಲಿ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ತಳಿ ‘ಭೂ ಸೋನಾ’ ಈ ಬಣ್ಣದ್ದು, ‘ಭೂ ಕೃಷ್ಣ’ ನೇರಳೆ. ಕಿತ್ತಳೆ ಗೆಣಸಿಗೆ ಒಂದು ಚಮಚ ಎಣ್ಣೆಯೋ ತುಪ್ಪವೋ ಇರಲಿ, ಕ್ಯಾರೋಟಿನ್ ಮೈಗೆ ಹಿಡಿಯೋಕೆ ಜಿಡ್ಡು ಬೇಕು.

ಉಳಿದ ಗೆಡ್ಡೆಗಳಿಗೆ ಈ ಲೆಕ್ಕ ನಡೆಯಲ್ಲ. ಸುವರ್ಣಗೆಡ್ಡೆ, ಕೆಸುವಿನಗೆಡ್ಡೆ ಬಾಯಿ ತುರಿಸೋದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ. ಇಲ್ಲಿಯವರ ಚಾಮಗಡ್ಡ ಪುಲುಸು ಇದಕ್ಕೆ ಒಳ್ಳೇ ದಾರಿ. ಮರಗೆಣಸು, ಇಲ್ಲಿ ಕರ್ರಪೆಂಡಲಂ, ಹುಷಾರಾಗಿ ಬೇಯಿಸಬೇಕಾದ್ದು. ಹಸೀದರಲ್ಲಿ ಸಯನೈಡ್ ಬಿಡೋ ಅಂಶ ಇರುತ್ತೆ. ಸಿಪ್ಪೆ ತೆಗೆದು, ಸಣ್ಣ ಹೋಳು ಮಾಡಿ, ಧಾರಾಳ ನೀರಲ್ಲಿ ಮುಚ್ಚಳ ತೆಗೆದು ಬೇಯಿಸಿ, ಆ ನೀರು ಚೆಲ್ಲಿ. ಕಹಿ ಬಂದ್ರೆ ಉಗುಳಿ, ಪೂರ್ತಿ ಬಿಸಾಕಿ.

ಆಚೆ ಟೇಬಲ್ ಮೇಲೆ ಒದ್ದೆ ಪೇಪರಲ್ಲಿ ಸುತ್ತಿ ಗೆಣಸಿನ ಬಳ್ಳಿ ತುಂಡು ಇಟ್ಟಿದ್ದೀನಿ, ಮನೆಗೆ ನಾಲ್ಕರ ಲೆಕ್ಕ. ದಸರಾ ಈಗಷ್ಟೇ ಮುಗಿದಿದೆ. ಗ್ರೋ ಬ್ಯಾಗ್ ಬರೋ ತನಕ ಹಳೇ ಬಕೆಟ್ಟಿಗೆ ತೂತು ಮಾಡಿ ನೆಟ್ರೂ ನಡೆಯುತ್ತೆ.