ಪಟ್ಟಣದ ಬೀಗ ಹಾಕಿದ ಮನೆಗಳೂ ನಮ್ಮ ಊರಿನ ಗದ್ದೆಗಳೂ

(ಯುವಕ ಮಂಡಲ ಮತ್ತು ಮಹಿಳಾ ಮಂಡಲಗಳ ಜಂಟಿ ಸಭೆಯಲ್ಲಿ ಮಾಡಿದ ಭಾಷಣ)



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಮನೆಯೆಂದರೆ ಬಾಳಿನ ಸಂಪಾದನೆಯನ್ನೆಲ್ಲ ಒಂದೇ ಕಡೆ ಇಡುವ ಕೆಲಸ. ಇಂದು ನಮ್ಮ ಹಳ್ಳಿಗಳ ಎಷ್ಟೋ ಕುಟುಂಬಗಳು ಆ ಸಂಪಾದನೆಯನ್ನು ಮಂಗಳೂರಿನ ಫ್ಲಾಟುಗಳಲ್ಲಿ ಇಡುತ್ತಿವೆ. ಕೆಲವರು ಗಲ್ಫಿನಿಂದ ಮಕ್ಕಳು ಕಳುಹಿಸಿದ ಹಣ ಹಾಕುತ್ತಾರೆ. ಕೆಲವರು ಊರಿನ ಗದ್ದೆ, ತೋಟ ಮಾರಿ ಹಾಕುತ್ತಾರೆ. ಇದರಲ್ಲಿ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ಈ ಹೊತ್ತು ನಿಮ್ಮೊಡನೆ ಕುಳಿತು ಲೆಕ್ಕ ಹಾಕಬೇಕೆಂದು ನನ್ನ ಅಪೇಕ್ಷೆ.

ಕದ್ರಿ, ಬಿಜೈ, ಬೆಂದೂರು, ಅತ್ತಾವರ, ದೇರೆಬೈಲು—ಮಂಗಳೂರಿನಲ್ಲಿ ಯಾವ ಕಡೆ ತಿರುಗಿದರೂ ಎತ್ತರದ ಕಟ್ಟಡಗಳನ್ನು ನೀವು ನೋಡಿದ್ದೀರಿ. ಹಗಲು ನೋಡಿದರೆ ನಮ್ಮ ಪಟ್ಟಣ ಬೆಳೆಯಿತೆಂದು ಹೆಮ್ಮೆಯಾಗುತ್ತದೆ. ಒಮ್ಮೆ ರಾತ್ರಿ ಎಂಟು ಗಂಟೆಗೆ, ಎಲ್ಲರೂ ಮನೆ ಸೇರಿ ದೀಪ ಹಾಕುವ ಹೊತ್ತಿಗೆ, ಅವೇ ಕಟ್ಟಡಗಳ ಕಿಟಕಿಗಳನ್ನು ಎಣಿಸಿ ನೋಡಿ. ಕತ್ತಲೆಯ ಕಿಟಕಿಗಳ ಸಾಲು ನಿಮಗೆ ಕಾಣದಿರದು. ಅವುಗಳಲ್ಲಿ ಕೆಲವು ಮಾರಾಟವಾಗದೆ ಉಳಿದ ಮನೆಗಳು. ಕೆಲವು ಮಾರಾಟವಾಗಿಯೂ ಬೀಗ ಬಿದ್ದ ಮನೆಗಳು.

ಪಟ್ಟಣ ಬೆಳೆದ ಬಗೆ

ಒಂದು ಕಾಲದಲ್ಲಿ ಮಂಗಳೂರೆಂದರೆ ಹೆಂಚಿನ ಮನೆಗಳ ಊರು. ೧೮೬೫ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ಊರಿನ ಹೆಸರನ್ನು ದೇಶಾಂತರಕ್ಕೆ ಒಯ್ದಿತು. ಅಂದಿನ ಮನೆಗೆ ಹಿತ್ತಿಲು, ಬಾವಿ, ನಾಲ್ಕು ತೆಂಗು, ಒಂದು ಹಲಸು ಇರುತ್ತಿದ್ದವು. ಮುಂದೆ ೧೯೭೫ರಲ್ಲಿ ಪಣಂಬೂರಿನ ಹೊಸ ಬಂದರಿನ ಉದ್ಘಾಟನೆಯಾಯಿತು. ಗೊಬ್ಬರದ ಕಾರ್ಖಾನೆ, ತೈಲ ಶುದ್ಧೀಕರಣ ಕಾರ್ಖಾನೆ, ೧೯೯೮ರಲ್ಲಿ ಪೂರ್ತಿಯಾದ ಕೊಂಕಣ ರೈಲು, ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳು ಎಲ್ಲವೂ ಸೇರಿ ಜನರನ್ನು ಸೆಳೆದವು. ೧೯೭೩ರ ತೈಲಬೆಲೆಯ ಏರಿಕೆಯ ನಂತರ ಕೊಲ್ಲಿ ದೇಶಗಳಲ್ಲಿ ಕೆಲಸ ಹೆಚ್ಚಿ, ನಮ್ಮವರು ಮುಂಬಯಿಯ ಬದಲು ಅಲ್ಲಿಗೆ ಹೊರಟರು. ೨೦೧೧ರ ಜನಗಣತಿಯ ವೇಳೆಗೆ ಸುತ್ತಲಿನ ಊರುಗಳೂ ಸೇರಿ ಮಂಗಳೂರಿನ ಜನಸಂಖ್ಯೆ ೬ ಲಕ್ಷ ದಾಟಿತ್ತು.

ಇಷ್ಟು ಜನಕ್ಕೆ ಮನೆ ಬೇಕಷ್ಟೆ. ಆದುದರಿಂದ ಕಟ್ಟಡಗಳೆಲ್ಲ ವ್ಯರ್ಥವೆಂದು ಹೇಳಲು ನಾನು ಬಂದಿಲ್ಲ. ವಾಸಕ್ಕೆಂದು ಕಟ್ಟಿದ ಮನೆ ಬೇರೆ, ಹಣ ಇಡುವುದಕ್ಕೆಂದು ಕಟ್ಟಿದ ಮನೆ ಬೇರೆ. ಈ ಎರಡಕ್ಕೆ ಇರುವ ಅಂತರವನ್ನಷ್ಟೇ ತೋರಿಸಬೇಕೆಂದಿದ್ದೇನೆ.

ಮನೆ ಇದ್ದೂ ಮನೆಯಿಲ್ಲದವರು

೨೦೧೧ರ ಜನಗಣತಿಯಲ್ಲಿ ನಮ್ಮ ದೇಶದ ಪಟ್ಟಣಗಳಲ್ಲಿ ಸುಮಾರು ೧ ಕೋಟಿ ೧೧ ಲಕ್ಷ ಮನೆಗಳು ಖಾಲಿ ಇದ್ದವು. ೨೦೧೨ರಲ್ಲಿ ಕೇಂದ್ರ ಸರಕಾರ ನೇಮಿಸಿದ ತಜ್ಞರ ತಂಡವು ಪಟ್ಟಣಗಳಲ್ಲಿ ಸುಮಾರು ೧ ಕೋಟಿ ೮೮ ಲಕ್ಷ ಮನೆಗಳ ಕೊರತೆಯಿದೆಯೆಂದು ಲೆಕ್ಕ ಕೊಟ್ಟಿತು. ಒಂದು ಕಡೆ ಖಾಲಿ, ಇನ್ನೊಂದು ಕಡೆ ಕೊರತೆ! ಇದು ಹೇಗೆ? ಆ ಕೊರತೆಯಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚಿನ ಪಾಲು ಬಡವರದು ಮತ್ತು ಕಡಿಮೆ ವರಮಾನದವರದು. ಕಟ್ಟುವವರು ಕಟ್ಟುತ್ತಿರುವುದಾದರೋ ಹಣವುಳ್ಳವರಿಗಾಗಿ. ಹಸಿದವನ ಊರಿನಲ್ಲಿ ಬರೀ ಹೋಳಿಗೆ ಮಾರಿದಂತೆ ಇದು.

ಬೇರೆ ದೇಶಗಳೂ ಈ ಪಾಠ ಕಲಿತಿವೆ. ಸ್ಪೇನ್ ದೇಶದಲ್ಲಿ ಸಾಲ ಸುಲಭವಾಗಿ ಸಿಕ್ಕಿದಾಗ ಕಟ್ಟಿದ್ದೇ ಕಟ್ಟಿದ್ದು. ೨೦೧೧ರಲ್ಲಿ ಎಣಿಸಿದಾಗ ಅಲ್ಲಿ ಸುಮಾರು ೩೪ ಲಕ್ಷ ಮನೆಗಳು ಖಾಲಿ. ಐರ್ಲೆಂಡಿನಲ್ಲಿ ೨೦೧೦ರಲ್ಲಿ ಅರ್ಧಕ್ಕೆ ನಿಂತ ಬಡಾವಣೆಗಳೇ ೨,೮೦೦ಕ್ಕೂ ಹೆಚ್ಚು. ಚೀನದ ಎವರ್‌ಗ್ರಾಂಡ್ ಎಂಬ ದೊಡ್ಡ ಕಂಪನಿ ೨೦೨೧ರಲ್ಲಿ ಸಾಲ ತೀರಿಸಲಾರದೆ ಕೈಚೆಲ್ಲಿತು. ೨೦೨೪ರ ಜನವರಿಯಲ್ಲಿ ಹಾಂಗ್‌ಕಾಂಗಿನ ನ್ಯಾಯಾಲಯವು ಅದನ್ನು ಮುಚ್ಚಲು ಆಜ್ಞೆ ಮಾಡಿತು. ಮುಂಗಡ ಕೊಟ್ಟು ಮನೆಗಾಗಿ ಕಾದು ಕುಳಿತ ಸಂಸಾರಗಳು ಸಂಕಟಕ್ಕೆ ಸಿಕ್ಕಿದವು.

ಒಂದು ಲೆಕ್ಕ

ಈಗ ನಮ್ಮ ಲೆಕ್ಕಕ್ಕೆ ಬರೋಣ. ಫ್ಲಾಟಿನ ಕ್ರಯ ೬೦ ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಕೈಯಿಂದ ೨೦ ಲಕ್ಷ, ಬ್ಯಾಂಕಿನ ಸಾಲ ೪೦ ಲಕ್ಷ. ನೂರಕ್ಕೆ ಎಂಟೂವರೆ ಬಡ್ಡಿಯಂತೆ ೨೦ ವರ್ಷದ ಸಾಲಕ್ಕೆ ತಿಂಗಳ ಕಂತು ಸುಮಾರು ೩೪,೭೦೦ ರೂಪಾಯಿ. ಒಟ್ಟು ಕಟ್ಟುವ ಹಣ ೮೩ ಲಕ್ಷಕ್ಕೂ ಮೇಲೆ. ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ೧೫,೦೦೦ ಬಂತೆನ್ನಿ, ವರ್ಷಕ್ಕೆ ೧,೮೦,೦೦೦. ಅದು ಕ್ರಯದ ನೂರಕ್ಕೆ ಮೂರು ಮಾತ್ರ. ಕಟ್ಟಡದ ನಿರ್ವಹಣೆಗೆ ತಿಂಗಳಿಗೆ ೩,೦೦೦ ಕಳೆದರೆ ನೂರಕ್ಕೆ ಎರಡೂವರೆಯೂ ಉಳಿಯದು. ಬೀಗ ಹಾಕಿ ಇಟ್ಟರೋ, ವರ್ಷಕ್ಕೆ ೩೬,೦೦೦ ಕೈಯಿಂದಲೇ ಹೋಗುತ್ತದೆ. ಮನೆ ತೆರಿಗೆ ಬೇರೆ. ನಮ್ಮ ಕರಾವಳಿಯ ಮಳೆಗೂ ಉಪ್ಪುಗಾಳಿಗೂ ಮುಚ್ಚಿಟ್ಟ ಮನೆಯಲ್ಲಿ ಕಬ್ಬಿಣ ತುಕ್ಕು ಹಿಡಿದು, ಗೋಡೆ ಬೂಸ್ಟು ಕಟ್ಟುತ್ತದೆ.

“ಬೆಲೆ ಏರುತ್ತದಲ್ಲ?” ಎಂದು ನೀವು ಕೇಳಬಹುದು. ಏರುವುದು ನೆಲದ ಬೆಲೆ. ಗೋಡೆಗೆ ವಯಸ್ಸಾಗುತ್ತದೆ, ಹತ್ತು ವರ್ಷದ ಹಳೆಯ ಫ್ಲಾಟಿನ ಪಕ್ಕದಲ್ಲಿ ಹೊಸ ಕಟ್ಟಡ ಎದ್ದರೆ ಕೊಳ್ಳುವವನು ಅದರ ಕಡೆಗೇ ಹೋಗುತ್ತಾನೆ. ಹತ್ತು ಮಹಡಿಯ ಕಟ್ಟಡದಲ್ಲಿ ಒಂದು ಫ್ಲಾಟಿನ ಪಾಲಿಗೆ ಬರುವ ನೆಲವಾದರೂ ಎಷ್ಟು? ಗದ್ದೆ ಮಾರಿ ಫ್ಲಾಟು ಕೊಂಡವನು ಏರುವುದನ್ನು ಕೊಟ್ಟು ಇಳಿಯುವುದನ್ನು ಕೊಂಡಂತಾಯಿತು. ಈ ಒಂದು ಮಾತನ್ನು ದಯಮಾಡಿ ಮನೆಗೆ ಒಯ್ಯಿರಿ.

ನಮ್ಮ ಜಿಲ್ಲೆಯಲ್ಲಿ ಇಂಥ ಸಂಸಾರಗಳು ಒಂದೆರಡಲ್ಲ: ಮಗ ದುಬಾಯಿಯಲ್ಲೋ ಕುವೈತಿನಲ್ಲೋ ಬಾಡಿಗೆಯ ಕೋಣೆಯಲ್ಲಿದ್ದಾನೆ. ಮಂಗಳೂರಿನಲ್ಲಿ ಅವನ ಹೆಸರಿನ ಫ್ಲಾಟಿಗೆ ಬೀಗ. ಊರಿನ ಹಿರಿಯರ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ. ಮನೆಗಳು ಮೂರು, ಒಟ್ಟಿಗೆ ಕುಳಿತು ಉಣ್ಣುವ ಮನೆ ಒಂದೂ ಇಲ್ಲ.

ಗದ್ದೆ ಹೋದರೆ ಏನು ಹೋಗುತ್ತದೆ?

ನಮ್ಮ ಹಿರಿಯರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ತರವಾಗಿ ವಿಂಗಡಿಸಿದರು. ತಗ್ಗಿನ ಬೈಲುಗದ್ದೆ ಮಳೆಯ ನೀರನ್ನು ತಡೆದು ನಿಲ್ಲಿಸಿ, ನೆಲಕ್ಕೆ ಇಳಿಸಿ, ಸುತ್ತಲಿನ ಬಾವಿಗಳನ್ನು ತುಂಬುತ್ತದೆ. ಅದಕ್ಕೆ ಮಣ್ಣು ತುಂಬಿಸಿ ಕಟ್ಟಡ ಕಟ್ಟಿದರೆ ನೀರಿಗೆ ಜಾಗವೆಲ್ಲಿ? ೨೦೧೮ರ ಮೇ ೨೯ರಂದು ಮಂಗಳೂರಿನಲ್ಲಿ ಒಂದೇ ದಿನದ ಮಳೆಗೆ ರಸ್ತೆಗಳೂ ಮನೆಗಳೂ ಮುಳುಗಿದವು. ಮರುವರ್ಷ, ೨೦೧೯ರ ಬೇಸಿಗೆಯಲ್ಲಿ, ತುಂಬೆಯ ಅಣೆಕಟ್ಟಿನಲ್ಲಿ ನೀರು ಇಳಿದು, ಅದೇ ಪಟ್ಟಣಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಮಳೆಗಾಲದಲ್ಲಿ ಮುಳುಗುವುದು, ಬೇಸಿಗೆಯಲ್ಲಿ ಬಾಯಾರುವುದು—ಎರಡಕ್ಕೂ ನೀರನ್ನು ಹಿಡಿಯುವ ನೆಲ ಹೋದದ್ದು ಒಂದು ಕಾರಣ.

ಕಟ್ಟಡಕ್ಕೆ ಬೇಕಾದ ಮರಳು ನಮ್ಮ ಹೊಳೆಯದು, ಕೆಂಪುಕಲ್ಲು ನಮ್ಮ ಗುಡ್ಡದ್ದು. ಬೆವರು ಬಾಗಲಕೋಟೆ, ಕೊಪ್ಪಳ, ಬಿಹಾರ, ಒಡಿಶಾಗಳಿಂದ ಬಂದ ಕೂಲಿಯವರದು. ೨೦೨೪ರ ಜುಲೈಯಲ್ಲಿ ಬಲ್ಮಠದಲ್ಲಿ ಕಟ್ಟಡದ ಕೆಲಸ ನಡೆಯುವಲ್ಲಿ ಮಣ್ಣು ಕುಸಿದು ಇಬ್ಬರು ಅಡಿಗೆ ಸಿಕ್ಕಿದರು; ಒಬ್ಬನನ್ನು ಉಳಿಸಲಾಯಿತು, ಇನ್ನೊಬ್ಬ ತೀರಿಹೋದ. ಇಷ್ಟೆಲ್ಲ ಬೆಲೆ ತೆತ್ತು ಕಟ್ಟಿದ ಮನೆಯಲ್ಲಿ ಯಾರೂ ಒಲೆ ಹೊತ್ತಿಸದಿದ್ದರೆ, ಅದು ಊರಿನ ಸಂಪತ್ತು ಹೇಗಾದೀತು?

ಇನ್ನೊಂದು ವಿಷಯ. ನಿಮ್ಮಲ್ಲಿ ಅನೇಕರ ಭೂಮಿ ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ಕಾನೂನಿನಿಂದ ಬಂದದ್ದು. ತಂದೆಯೋ ಅಜ್ಜನೋ ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿ ಪಡೆದದ್ದು. ೨೦೨೦ರ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಕೊಳ್ಳುವವರ ಸಂಖ್ಯೆ ಹೆಚ್ಚಿದೆ. ಮಾರುವವನು ಅವಸರ ಪಡಕೂಡದು.

ಮಾಡತಕ್ಕ ಕೆಲಸಗಳು

ಮಕ್ಕಳ ಉದ್ಯೋಗಕ್ಕೋ ಓದಿಗೋ ಹಿರಿಯರ ಔಷಧೋಪಚಾರಕ್ಕೋ ಪಟ್ಟಣದಲ್ಲಿ ಮನೆ ಬೇಕಾದರೆ ಅವಶ್ಯವಾಗಿ ಕೊಳ್ಳಿರಿ. ಆದರೆ ಈ ಸಂಗತಿಗಳನ್ನು ಗಮನಿಸಿರಿ.

೧. ೨೦೧೬ರ ರೇರಾ ಕಾನೂನಿನಂತೆ ೫೦೦ ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲಾಟುಗಳ ಹೊಸ ಯೋಜನೆ ನೋಂದಣಿಯಾಗಿರಬೇಕು. ನೋಂದಣಿಯ ಸಂಖ್ಯೆ ಕೇಳಿ, ಕರ್ನಾಟಕ ರೇರಾದ ಜಾಲತಾಣದಲ್ಲಿ ತಾಳೆ ನೋಡಿರಿ.

೨. ಕರಾರುಪತ್ರ ನೋಂದಣಿಯಾಗುವ ಮೊದಲು ಕ್ರಯದ ಹತ್ತನೆಯ ಒಂದಂಶಕ್ಕಿಂತ ಹೆಚ್ಚು ಹಣವನ್ನು ಬಿಲ್ಡರ್ ತೆಗೆದುಕೊಳ್ಳುವಂತಿಲ್ಲ. ನೀವೂ ಕೊಡಬೇಡಿರಿ.

೩. ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗೆ ಕಾಲಿಡಲು ಸಿಗುವ ಜಾಗ ಎಷ್ಟೆಂದು ಬರೆಯಿಸಿಕೊಳ್ಳಿರಿ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರನೇ ಸರಿಪಡಿಸತಕ್ಕದ್ದು.

೪. ಅದೇ ಬಿಲ್ಡರ್ ಕಟ್ಟಿ ಮುಗಿಸಿದ ಬೇರೆ ಕಟ್ಟಡಕ್ಕೆ ರಾತ್ರಿ ಹೋಗಿ ದೀಪಗಳನ್ನು ಎಣಿಸಿರಿ. ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆಂದು ವಾಚ್‌ಮನ್‌ನನ್ನು ಕೇಳಿರಿ.

೫. ಜಾಗ ಕೊಟ್ಟು ಫ್ಲಾಟು ಪಡೆಯುವ ಜಂಟಿ ಒಪ್ಪಂದಕ್ಕೆ ರುಜು ಹಾಕುವ ಮೊದಲು ನಿಮ್ಮದೇ ವಕೀಲರಿಗೆ ತೋರಿಸಿರಿ. ಬಿಲ್ಡರ್ ಕರೆತಂದ ವಕೀಲರು ಸಾಲದು. ಕೆಲಸ ನಿಂತರೆ ಜಾಗವೂ ಇಲ್ಲ, ಮನೆಯೂ ಇಲ್ಲ ಎಂದಾಗಬಾರದು.

೬. ಈಗಾಗಲೇ ಫ್ಲಾಟು ಇದ್ದು ಬೀಗ ಹಾಕಿದ್ದರೆ, ಬರವಣಿಗೆಯ ಕರಾರು ಮಾಡಿ ಬಾಡಿಗೆಗೆ ಕೊಡಿರಿ. ಆಸ್ಪತ್ರೆಯ ದಾದಿಯರು, ಶಿಕ್ಷಕರು, ಅಂಗಡಿಗಳ ನೌಕರರು ಮನೆ ಹುಡುಕುತ್ತಿದ್ದಾರೆ. ಸ್ವಲ್ಪ ಕಡಿಮೆ ಬಾಡಿಗೆಯಾದರೂ ಮನೆ ಉಳಿಯುತ್ತದೆ, ಒಂದು ಸಂಸಾರಕ್ಕೆ ನೆರಳಾಗುತ್ತದೆ.

೭. ಹಣದ ಅಡಚಣೆಯಿಂದ ಜಾಗ ಮಾರಲೇಬೇಕಾದರೆ ಬೈಲುಗದ್ದೆಯನ್ನು ಕಟ್ಟಕಡೆಗೆ ಇಡಿರಿ. ಅದು ನಿಮ್ಮೊಬ್ಬರ ಬಾವಿಯ ಪ್ರಶ್ನೆಯಲ್ಲ, ನೆರೆಯವರದೂ ಹೌದು.

ಮುಂದಿನ ಗ್ರಾಮಸಭೆಯಲ್ಲಿ ಯುವಕ ಮಂಡಲದವರು ಒಂದು ಕೆಲಸ ಮಾಡಬಹುದು. ನಮ್ಮ ಗ್ರಾಮದಲ್ಲಿ ಕಳೆದ ಹತ್ತು ವರ್ಷದಲ್ಲಿ ಎಷ್ಟು ಗದ್ದೆಗೆ ಮಣ್ಣು ಬಿತ್ತು, ಅದರಲ್ಲಿ ಎಷ್ಟರ ಮೇಲೆ ಮನೆ ಎದ್ದಿತು, ಎಷ್ಟು ಮನೆಯಲ್ಲಿ ಜನ ಇದ್ದಾರೆ—ಇದನ್ನು ಮನೆಮನೆಗೆ ಹೋಗಿ ಬರೆದು ತನ್ನಿರಿ. ಮಹಿಳಾ ಮಂಡಲದವರು ಅದರ ಪಕ್ಕದಲ್ಲೇ, ಯಾವ ಬಾವಿ ಯಾವ ತಿಂಗಳಿಗೆ ಒಣಗುತ್ತದೆಂದು ಬರೆಯಲಿ. ನೀರು ಸೇದುವವರಿಗೇ ಅದು ಸರಿಯಾಗಿ ಗೊತ್ತು. ಎರಡು ಪಟ್ಟಿಗಳನ್ನೂ ಸಭೆಯ ಮುಂದಿಟ್ಟು ಓದಿದರೆ, ಯಾವ ಗದ್ದೆಯನ್ನು ಉಳಿಸಬೇಕೆಂಬ ನಿರ್ಣಯ ಗ್ರಾಮದವರಿಂದಲೇ ಬಂದೀತು.